ಎಂಟನೇ ತೂತು

ಬೋಗುಣಿ ನಿಧಾನಪ್ಪನ ತಲೆಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತುಬಿಟ್ಟಿತು. ಅವನಿಗೆ ಸರಿಬರದಿದ್ದದ್ದು ಅದೇ.

"ತಲೆ ಅಲ್ಲಾಡಿಸಿ ನೋಡಿ," ಎಂದ ಸ್ಟೋರಿನ ಅಜ್ಜ.

ಅಲ್ಲಾಡಿಸಿದ. ಬೋಗುಣಿ ಕದಲಲಿಲ್ಲ.

"ನಿಮ್ಮದು ನಾಲ್ಕು ಜನಕ್ಕಿರೋವಂಥ ತಲೆ ಸಾಹೇಬ್ರೇ. ಫಿಟ್ಟರಂದು ಹಂಗಲ್ಲ, ಹಂಡೆ! ಇದನ್ನ ಅವನ ತಲೆ ಮೇಲಿಟ್ಟರೆ ನೆತ್ತಿಗೆ ಲೋಟ ಮುಚ್ಚಿದ ಹಾಗಿರುತ್ತೆ."

ಅಲ್ಯೂಮಿನಿಯಂ ಹೆಲ್ಮೆಟ್ಟಿಗೆ ಆ ಎರಕದ ಕಾರ್ಖಾನೆಯಲ್ಲಿ ಬೋಗುಣಿ ಎಂದೇ ಹೆಸರು. ಈ ಬೋಗುಣಿ ಮೂರು ದಿನದ ಹಿಂದೆ ಪ್ಯಾನೆಲ್ ರೂಮಿನಲ್ಲಿ ಕರೆಂಟು ಹೊಡೆದು ಸತ್ತ ಹೆಡ್ ಫಿಟ್ಟರನ ತಲೆಯ ಮೇಲೆ ಸಿಕ್ಕಿದ್ದು. ಕೊಂದವನೆಂದು ಲಾಕಪ್ಪಿನಲ್ಲಿ ಕೂತಿದ್ದವನು ಅವನ ಒಡಹುಟ್ಟಿದ ತಮ್ಮ, ಇದೇ ಕಾರ್ಖಾನೆಯ ವೈರ್‌ಮನ್. ಕೋರ್ಟು ಕೊಟ್ಟಿದ್ದ ಪೊಲೀಸ್ ಕಸ್ಟಡಿ ಮುಗಿದು, ನಾಳೆ ಬೆಳಿಗ್ಗೆ ಅವನನ್ನು ಮತ್ತೆ ಕೋರ್ಟಿಗೆ ಒಪ್ಪಿಸಬೇಕು. ಅಲ್ಲಿಂದ ಜೈಲಿಗೆ ಹೋದರೆ ಮತ್ತೆ ಹೊರಗೆ ಬರುವುದು ಯಾವಾಗಲೋ.

ನಿಧಾನಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಠಾಣೆಯವರು ಇಟ್ಟದ್ದು. ಬೇರೆ ಇನ್ಸ್‌ಪೆಕ್ಟರುಗಳು ಒಂದು ದಿನದಲ್ಲಿ ಬರೆದು ಬಿಸಾಕುವ ವರದಿಗೆ ಅವನು ವಾರ ತೆಗೆದುಕೊಳ್ಳುತ್ತಿದ್ದ. ಈ ಸಲ ಅವನಿಗೆ ವಾರ ಕೊಡಲು ಯಾರೂ ತಯಾರಿರಲಿಲ್ಲ. ಈ ಒಂದು ಮಧ್ಯಾಹ್ನ ಕೊಟ್ಟಿದ್ದೇ ದೊಡ್ಡದು.

ಅವನು ಬೋಗುಣಿ ತೆಗೆದು ಮೇಜಿನ ಮೇಲೆ ಅಂಗಾತ ಇಟ್ಟ. ಒಳಗೆ ತಲೆಯ ಸುತ್ತ ಬರುವ ಚರ್ಮದ ಪಟ್ಟಿ, ನೆತ್ತಿಯ ಮೇಲೆ ಅಡ್ಡಡ್ಡ ಹಾಯುವ ನೂಲಿನ ಪಟ್ಟಿಗಳು. ಪಟ್ಟಿಗೂ ಲೋಹಕ್ಕೂ ನಡುವೆ ಎರಡು ಬೆರಳು ಜಾಗ.

"ಆ ಎರಡು ಬೆರಳೇ ಸಾಹೇಬ್ರೇ ಮನುಷ್ಯನ ಆಯುಷ್ಯ," ಎಂದ ಅಜ್ಜ. "ಮೇಲಿಂದ ಏನಾದರೂ ಬಿದ್ದರೆ ಲೋಹ ತಗ್ಗುತ್ತೆ, ಪಟ್ಟಿ ಜಗ್ಗುತ್ತೆ, ತಲೆ ಉಳಿಯುತ್ತೆ."

"ಮತ್ತೆ ಎಲ್ಲರಿಗೂ ಹಳದಿ ಪ್ಲಾಸ್ಟಿಕ್ಕಿಂದು ಕೊಟ್ಟು ಇವನ್ನ ತೆಗೆದುಹಾಕಬಾರದಿತ್ತಾ?"

"ಕುಲುಮೆ ಮುಂದೆ ಎರಡು ವರ್ಷ ನಿಂತರೆ ನಮ್ಮ ಹಳದಿದು ಹಪ್ಪಳ ಆಗುತ್ತೆ. ಬೋಗುಣಿ ಹಗುರ, ಕಾವು ತಡೆಯುತ್ತೆ, ಕಿಡಿ ಬಿದ್ದರೆ ಜಾಡಿಸಿಕೊಳ್ಳುತ್ತೆ. ಕರೆಂಟಿನ ಹತ್ತಿರ ಮಾತ್ರ ಅದು ಯಮ. ಅದಕ್ಕೇ ಪ್ಯಾನೆಲ್ ರೂಮಿನ ಹೊರಗೆ ಎರಡು ಸಾಲು ಮೊಳೆ ಹೊಡೆದಿರೋದು."

ಆ ಮೊಳೆಗಳನ್ನು ನಿಧಾನಪ್ಪ ನೋಡಿದ್ದ. ಕುಲುಮೆಯವನು ಪ್ಯಾನೆಲ್ ರೂಮಿಗೆ ಹೋಗಬೇಕಾದರೆ ಮೇಲಿನ ಸಾಲಿನಲ್ಲಿ ಬೋಗುಣಿ ತೂಗುಹಾಕಿ, ಕೆಳಗಿನ ಸಾಲಿನಿಂದ ಹಳದಿ ಹೆಲ್ಮೆಟ್ ತೆಗೆದು ಹಾಕಿಕೊಳ್ಳಬೇಕು. ಉಸಿರಾಡುವಷ್ಟೇ ಸಹಜವಾಗಿ ಎಲ್ಲರೂ ಹಾಗೆ ಮಾಡುತ್ತಿದ್ದರು. ಫಿಟ್ಟರ್ ಇಪ್ಪತ್ತೆರಡು ವರ್ಷ ಮಾಡಿದ್ದ. ಇಪ್ಪತ್ತಮೂರನೇ ವರ್ಷ ಒಂದು ದಿನ ಮರೆತ, ಬೋಗುಣಿ ಹಾಕಿಕೊಂಡೇ ಒಳಗೆ ಹೋದ, ಸತ್ತ ಎಂದು ಮೊದಲು ಎಲ್ಲರೂ ನಂಬಿದ್ದರು.

ಆಮೇಲೆ ಸ್ವಿಚ್ಚಿನ ಮಾತು ಬಂತು. ಅಣ್ಣ ಹೇಳಿದಂತೆ ಕ್ರೇನಿನ ಲೈನ್ ಆಫ್ ಮಾಡಿ, ಕೀಲಿಯನ್ನು ಬಾಗಿಲ ಪಕ್ಕಕ್ಕೆ ತೂಗುಹಾಕಿ ಹೋಗಿದ್ದೆ ಎಂದು ತಮ್ಮ ಹೇಳಿದ. ಹೆಣ ಸಿಕ್ಕಾಗ ಸ್ವಿಚ್ ಆನ್ ಆಗಿತ್ತು. ಹಿಂದಿನ ದಿನ ಇಬ್ಬರೂ ಕ್ಯಾಂಟೀನಿನಲ್ಲಿ ತಟ್ಟೆ ತಳ್ಳಾಡಿ ಜಗಳವಾಡಿದ್ದನ್ನು ಇಡೀ ಶಿಫ್ಟೇ ನೋಡಿತ್ತು. ಅಷ್ಟು ಸಾಕಾಯಿತು.

ಆದರೆ ಡಾಕ್ಟರು ಬರೆದದ್ದು ಬೇರೆ. ಸುಟ್ಟ ಗಾಯ ಇದ್ದದ್ದು ಬಲ ಹೆಗಲ ಹಿಂಭಾಗದಲ್ಲಿ. ತಲೆಯಲ್ಲಿ ಒಂದು ಕೂದಲೂ ಕರಕಲಾಗಿರಲಿಲ್ಲ. ಬೋಗುಣಿಯ ಅಂಚಿನಲ್ಲಿ ಕಡಲೆಕಾಳಿನಷ್ಟು ಲೋಹ ಕರಗಿದ್ದರೂ ಅದರ ಒಳಗಿನ ಚರ್ಮಕ್ಕೆ ಏನೂ ಆಗಿರಲಿಲ್ಲ. ಯಾರೋ ಎದುರಿನಿಂದ ಹಿಂದಕ್ಕೆ ತಳ್ಳಿದ್ದರು, ಬೋಗುಣಿ ಆಮೇಲೆ ತಲೆಗೆ ಬಂದಿತ್ತು.

"ಇದು ಅವನದಲ್ಲ ಅಂತ ನಿಮಗೆ ಖಾತ್ರಿಯಾ ಅಜ್ಜಾ?"

"ಪಟ್ಟಿ ಮೇಲೆ ತೂತು ಎಣಿಸಿ."

ನಿಧಾನಪ್ಪ ಎಣಿಸಿದ. ಏಳು. ಕೊಂಡಿ ನಾಲ್ಕನೆಯದರಲ್ಲಿತ್ತು, ಆ ತೂತು ಎಳೆದೆಳೆದು ಮೊಟ್ಟೆಯಾಕಾರ ತಾಳಿತ್ತು.

"ಕಂಪನಿಯಿಂದ ಬರೋದು ಏಳೇ. ಫಿಟ್ಟರಿಗೆ ಏಳನೆಯದೂ ಬಿಗಿ ಅಂತ ನಾನೇ ದಬ್ಬಳ ಹಾಕಿ ಎಂಟನೇದು ಮಾಡಿಕೊಟ್ಟೆ. ಇಡೀ ಕಾರ್ಖಾನೇಲಿ ಎಂಟು ತೂತು ಇದ್ದದ್ದು ಅವನೊಬ್ಬನಿಗೇ." ಅಜ್ಜ ಮೂಗೊರೆಸಿಕೊಂಡ. "ಇನ್ನೊಂದು ಗುರುತೂ ಇದೆ. ಒಂಬತ್ತು ವರ್ಷದ ಹಿಂದೆ ಸರಪಳಿ ಕೊಕ್ಕೆ ಬಿದ್ದು ಎಡಕಿವಿ ಮೇಲೆ ಇಷ್ಟಗಲ ತಗ್ಗಾಗಿತ್ತು. ಪ್ರಾಣ ಉಳಿಸಿದ ತಗ್ಗನ್ನ ನಮ್ಮಲ್ಲಿ ಯಾರೂ ಬಡಿದು ಎತ್ತಿಸಲ್ಲ. ಒಳಗಡೆ ಮೊಳೇಲಿ ತಾರೀಕು ಗೀರಿ ಹಂಗೇ ಇಟ್ಕೋತಾರೆ. ಇದರಲ್ಲಿ ತಗ್ಗೂ ಇಲ್ಲ, ತಾರೀಕೂ ಇಲ್ಲ."

"ಮೂರು ದಿನ ಸುಮ್ಮನಿದ್ರಲ್ಲ!"

"ಮೂರು ದಿನದಿಂದ ಇದನ್ನ ನನಗೆ ತೋರಿಸಿದವರು ಯಾರು?"

ನಿಧಾನಪ್ಪ ಬೋಗುಣಿಯನ್ನು ಮತ್ತೆ ಕೈಗೆ ತೆಗೆದುಕೊಂಡ.

ಅವನ ಕಣ್ಣ ಮುಂದೆ ಮೇಲಿನ ಸಾಲಿನ ಮೊಳೆಗಳು ಬಂದವು. ಫಿಟ್ಟರ್ ತನ್ನ ಬೋಗುಣಿಯನ್ನು ತೂಗುಹಾಕಿ ಒಳಗೆ ಹೋದ. ಹಿಂದೆಯೇ ಬಂದವನೂ ತನ್ನ ಬೋಗುಣಿ ತೂಗುಹಾಕಿದ. ಬಾಗಿಲ ಪಕ್ಕದ ಕೀಲಿಯಿಂದ ಲೈನ್ ಆನ್ ಮಾಡಿ, ಕೆಲಸ ಮುಗಿಸಿ, ಫಿಟ್ಟರನದೇ ತಪ್ಪು ಎಂದು ಕಾಣಿಸಲು ಅವನ ಬೋಗುಣಿಯನ್ನು ಅವನ ತಲೆಗೇ ಹಾಕಹೊರಟ. ಗಡಿಬಿಡಿಯಲ್ಲಿ ಹಾಕಿದ್ದು ತನ್ನದನ್ನು, ಹಾಕಿಕೊಂಡು ಹೋದದ್ದು ಸತ್ತವನದನ್ನು. ಹೊರಗಿನವನಾದರೆ ಈ ತಪ್ಪು ಮಾಡಲು ಸಾಧ್ಯವೇ ಇರಲಿಲ್ಲ. ಕೊಲ್ಲಲು ಹೊರಟವನೂ ಬಾಗಿಲಲ್ಲಿ ನಿಂತು ನಿಯಮ ಪಾಲಿಸಿದ್ದ.

ತಮ್ಮ ವೈರ್‌ಮನ್. ಅವನಿಗೆ ಬೋಗುಣಿಯೇ ಇಲ್ಲ, ಹಳದಿಯೊಂದೇ. ಈ ಬೋಗುಣಿ ಮೂರನೆಯವನದು ಎಂದು ತೋರಿಸಿದರೆ ಲಾಕಪ್ಪಿನ ಬಾಗಿಲು ತೆರೆಯುತ್ತದೆ.

"ಒಂದೇ ಅರ್ಥವಾಗ್ತಿಲ್ಲ," ಎಂದ ನಿಧಾನಪ್ಪ. "ಅಷ್ಟಗಲ ತಗ್ಗು. ಅದಿದ್ದದ್ದು ತನ್ನದಲ್ಲ ಅಂತ ಕಾಣಲಿಲ್ವಾ ಅವನಿಗೆ?"

"ಕಣ್ಣಿರೋ ಯಾರಿಗಾದರೂ ಕಾಣೋ ತಗ್ಗೇ," ಎಂದ ಅಜ್ಜ. "ಗಾಬರಿ ಇರಬೇಕು."

ಪಟ್ಟಿಯ ಹಿಂಭಾಗದಲ್ಲಿ ಎರಡು ಬೆರಳಗಲ ಚರ್ಮ ಹರಿದಿತ್ತು. ಅದನ್ನು ನೀಲಿ ದಾರದಿಂದ ಹೊಲಿದಿದ್ದರು. ಒತ್ತೊತ್ತಾಗಿ, ಒಂದೇ ಅಳತೆಗೆ ಹದಿನಾಲ್ಕು ಹೊಲಿಗೆ. ನಿಧಾನಪ್ಪ ಎರಡು ಸಲ ಎಣಿಸಿದ.

"ಇದು ಯಾರ ಕೈ?"

"ನನಗೆ ಹೆಂಗೆ ಗೊತ್ತಾಗಬೇಕು? ಬೋಗುಣಿ ಗೇಟು ದಾಟಲ್ಲ. ಪಟ್ಟಿ ಮಾತ್ರ ಬಿಚ್ಕೊಂಡು ವಾರಕ್ಕೊಂದು ಸಲ ಮನೆಗೆ ಒಗೆಯೋಕೆ ಒಯ್ತಾರೆ. ಮೇಲಿನ ನಂಬರು ಕುಲುಮೆ ಕಾವಿಗೆ ಸುಟ್ಟುಹೋಗಿರುತ್ತೆ. ಯಾವ ಪಟ್ಟಿ ಯಾರದು ಅಂತ ಮನೇಲಿರೋ ಹೆಂಗಸರಿಗೇ ಗೊತ್ತು." ಅಜ್ಜ ದನಿ ತಗ್ಗಿಸಿದ. "ನನ್ನ ಮಾತನ್ನ ವಕೀಲರು ಕೋರ್ಟಲ್ಲಿ ಒಗೆದು ಒಣಗಹಾಕ್ತಾರೆ, ಮುದುಕನ ನೆನಪು ಅಂತ. ಫಿಟ್ಟರ್ ಹೆಂಡತೀನ ಕೇಳಿ. ಇದು ನನ್ನ ಗಂಡಂದಲ್ಲ ಅಂತ ಅವಳು ಅಂದರೆ ಯಾರೂ ಇಲ್ಲ ಅನ್ನೋಕಾಗಲ್ಲ."

ನಿಧಾನಪ್ಪ ಪೇದೆಯನ್ನು ಅವಳ ಮನೆಗೆ ಕಳಿಸಿದ.

*

ಕುಲುಮೆಯ ಶೆಡ್ಡಿಗೆ ಹಗಲೂ ಅಷ್ಟಕ್ಕಷ್ಟೇ. ಮಾಡಿನ ಗಾಜುಗಳು ಮಸಿ ಹಿಡಿದು, ಹೊರಗಿನ ಮೋಡದ ಬೆಳಕು ಬೂದಿಯ ಹಾಗೆ ಇಳಿಯುತ್ತಿತ್ತು. ಕೆಳಗೆ ಮರಳಿನ ಅಚ್ಚುಗಳ ಸಾಲು. ಮೇಲೆ ಕ್ರೇನ್ ಕರಗಿದ ಕಬ್ಬಿಣ ತುಂಬಿದ ಬಾನಿಯನ್ನು ಹೊತ್ತು ತೆವಳುತ್ತಿತ್ತು. ಒಬ್ಬ ಸತ್ತು ಮೂರು ದಿನವಾಗಿತ್ತು, ಕಬ್ಬಿಣ ಮಾತ್ರ ಒಂದು ಗಳಿಗೆಯೂ ಆರಿರಲಿಲ್ಲ.

ಕುಲುಮೆ ಮೇಸ್ತ್ರಿ ಸೀಟಿ ಊದಿದ. "ಇತ್ತ! ಇನ್ನೂ ಇತ್ತ! ಏ ಕ್ರೇನಣ್ಣಾ, ಇತ್ತ ಅಂದ್ರೆ!"

ಬಾನಿ ಅಚ್ಚನ್ನು ದಾಟಿ ಒಂದು ಮಾರು ಮುಂದೆ ಹೋಗಿ ನಿಂತಿತ್ತು. ಕೆಳಗಿದ್ದ ಇಬ್ಬರು ಮಾತಿಲ್ಲದೆ ಪಕ್ಕಕ್ಕೆ ಸರಿದರು. ಬಾನಿ ನಿಧಾನವಾಗಿ ಹಿಂದಕ್ಕೆ ಬಂತು.

"ಮೂರು ದಿನದಿಂದ ಹಿಂಗೇ," ಎಂದ ಮೇಸ್ತ್ರಿ. "ತಂಗಿ ಗಂಡ ಸತ್ತಿದ್ದಾನೆ, ಕೈ ನಡುಗುತ್ತೆ ಪಾಪ. ರಜೆ ತಗೋ ಅಂದ್ರೆ ಕೇಳಲ್ಲ."

ಕ್ರೇನಣ್ಣ ಸತ್ತವನ ಹೆಂಡತಿಯ ಸ್ವಂತ ಅಣ್ಣ. ನಿಧಾನಪ್ಪ ಅವನನ್ನು ಬಲ್ಲ. ಮೂರು ದಿನದಿಂದ ಠಾಣೆಗೆ ವೈರ್‌ಮನ್ನನ ಊಟದ ಡಬ್ಬಿ ತರುತ್ತಿದ್ದವನು ಅವನೊಬ್ಬನೇ. ಇವತ್ತು ಬೆಳಿಗ್ಗೆ ಡಬ್ಬಿಯನ್ನು ಮೇಜಿನ ಅಂಚಿನಾಚೆ ಇಟ್ಟು, ಅದು ಬಿದ್ದು ಊಟವೆಲ್ಲ ನೆಲದ ಪಾಲಾಗಿತ್ತು. ಅತ್ತು ಅತ್ತು ಕಣ್ಣು ಮಂಜಾಗಿದ್ದರೆ ಮೇಜು ಹೇಗೆ ಕಾಣಬೇಕು ಎಂದು ಪೇದೆಗಳೇ ಮರುಗಿದ್ದರು.

"ನಿಮ್ಮ ಬೋಗುಣಿ ಸ್ವಲ್ಪ ಕೊಡಿ," ಎಂದ ನಿಧಾನಪ್ಪ.

ಮೇಸ್ತ್ರಿ ಕಣ್ಣು ಕಿರಿದು ಮಾಡಿದ. "ಕುಲುಮೆ ಮುಂದೆ ತಲೆ ಬಿಚ್ಚೋ ಹಾಗಿಲ್ಲ. ನಿಯಮ."

"ಹಾಗಾದರೆ ಹೊರಗೆ ಬನ್ನಿ."

ಹೊರಗೆ ತುಂತುರು ಬೀಳುತ್ತಿತ್ತು. ಇಬ್ಬರೂ ಮಾಡಿನ ಚಾಚಿನಡಿ ನಿಂತರು. ಮೇಸ್ತ್ರಿ ಬೋಗುಣಿ ತೆಗೆಯಲಿಲ್ಲ.

"ಅವತ್ತು ಬೆಳಿಗ್ಗೆ ಫಿಟ್ಟರಿಗೂ ನಿಮಗೂ ಮಾತಿಗೆ ಮಾತು ಬೆಳೀತಂತೆ. ನಿಮ್ಮ ಹೇಳಿಕೆಯಲ್ಲಿ ಅದಿಲ್ಲ."

"ದಿನಾ ಬೆಳೀತಿತ್ತು. ದಿನದ್ದೂ ಬರೆಸೋಕಾಗುತ್ತಾ?"

"ಅವತ್ತಿಂದು ಯಾವುದು?"

"ಕ್ರೇನ್ ನಿಲ್ಲಿಸ್ತೀನಿ ಅಂದ."

"ನಿಲ್ಲಿಸಿದರೆ ನಿಮಗೇನು?"

"ನನಗೇನಾ?" ಮೇಸ್ತ್ರಿಯ ದನಿ ಏರಿತು. "ಕುಲುಮೇಲಿ ಹತ್ತು ಟನ್ ಕುದೀತಾ ಇರುತ್ತೆ. ಕ್ರೇನ್ ನಿಂತರೆ ಅದೆಲ್ಲ ಅಲ್ಲೇ ಹೆಪ್ಪುಗಟ್ಟಿ ಕುಲುಮೇನೇ ಎಕ್ಕುಟ್ಟಿ ಹೋಗುತ್ತೆ. ಹದಿನೆಂಟು ವರ್ಷ ಮಗುವಿನ ಹಂಗೆ ನೋಡ್ಕೊಂಡಿದೀನಿ ಅದನ್ನ."

"ಅದಕ್ಕೇ ಅವನು ಲೈನ್ ಆಫ್ ಮಾಡಿಸಿದ ಕೂಡಲೇ ನೀವು ಹೋಗಿ ಆನ್ ಮಾಡಿದ್ರಿ."

"ಏನಂದ್ರಿ?"

"ಕೀಲಿ ಮೊಳೆಗೇ ತೂಗಾಡ್ತಿತ್ತು. ಯಾರು ಬೇಕಾದರೂ ತೆಗೀಬಹುದಿತ್ತು. ಫಿಟ್ಟರ್ ಬೋಗುಣಿ ಹಾಕ್ಕೊಂಡೇ ಒಳಗೆ ಹೋದ ಅಂತ ಮೊದಲು ಬಾಯಿಬಿಟ್ಟವರೂ ನೀವೇ."

ಮೇಸ್ತ್ರಿಯ ಮುಖ ಕೆಂಪಗಿತ್ತು. ಕುಲುಮೆಯವರ ಮುಖ ಯಾವಾಗಲೂ ಕೆಂಪಗೇ ಇರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಅವನು ಬೋಗುಣಿಯನ್ನು ಕಿತ್ತು ನಿಧಾನಪ್ಪನ ಎದೆಗೆ ತಳ್ಳಿದ.

"ನೋಡ್ಕೊಳ್ಳಿ! ಬೆನ್ನಿಗೆ ಬೀಳೋದು ಬಿಟ್ಟು ನೋಡ್ಕೊಳ್ಳಿ!"

ಹಿಂಭಾಗದಲ್ಲಿ ಮುಷ್ಟಿಯಷ್ಟು ತಗ್ಗು. ಒಳಗೆ ಹನ್ನೊಂದು ವರ್ಷದ ಹಿಂದಿನ ತಾರೀಕು, ಗೀರಿನ ಸಂದಿಯಲ್ಲಿ ವರ್ಷಗಳ ಕೊಳೆ. ಪಟ್ಟಿಗೆ ಏಳು ತೂತು, ಕೊಂಡಿ ಐದನೆಯದರಲ್ಲಿ, ಸವೆದದ್ದೂ ಐದನೆಯದೇ. ಅನುಮಾನಕ್ಕೆ ಜಾಗವಿರಲಿಲ್ಲ, ಬೋಗುಣಿ ಮೇಸ್ತ್ರಿಯದೇ. ಹರಿದ ಕಡೆ ತಾಮ್ರದ ತಂತಿ ಸುತ್ತಿತ್ತು.

"ಇದನ್ನ ತಂತೀಲಿ ಯಾಕೆ ಕಟ್ಟಿದೀರಿ?"

"ಹೊಲಿದುಕೊಡೋಕೆ ನನಗೆ ಯಾರಿದ್ದಾರೆ?" ಎಂದ ಮೇಸ್ತ್ರಿ. ಬೋಗುಣಿಯಿಲ್ಲದ ಅವನ ತಲೆ ಇದ್ದಕ್ಕಿದ್ದಂತೆ ಮುದಿಯಾಗಿ ಕಂಡಿತು. ನಿಧಾನಪ್ಪನಿಗೆ ತನ್ನ ಮೇಲೆಯೇ ಬೇಜಾರಾಯಿತು.

"ಫಿಟ್ಟರ್ ಕ್ರೇನ್ ಯಾಕೆ ನಿಲ್ಲಿಸಬೇಕು ಅಂದ? ಬ್ರೇಕ್ ಕೆಟ್ಟಿತ್ತಾ?"

"ನಾನೂ ಅದನ್ನೇ ಕೇಳಿದೆ. ಬ್ರೇಕ್ ಅಲ್ಲ, ವೈರಿಂಗೂ ಅಲ್ಲ ಅಂದ. ಮತ್ತೇನಯ್ಯಾ ಅಂದ್ರೆ, 'ಅದು ನಮ್ಮ ಮನೆ ವಿಷ್ಯ, ಮ್ಯಾನೇಜರಿಗೆ ನಾಳೆ ನಾನೇ ಹೇಳ್ತೀನಿ' ಅಂದ. ಮನೆ ವಿಷ್ಯಕ್ಕೆ ಕ್ರೇನ್ ನಿಲ್ಲಿಸೋದನ್ನ ನೀವೆಲ್ಲಾದರೂ ಕೇಳಿದೀರಾ? ನನಗೆ ರೇಗಿಹೋಯ್ತು." ಮೇಸ್ತ್ರಿ ಬೋಗುಣಿ ಹಾಕಿಕೊಂಡ. "ಬೈದೆ. ಅವನಿಗೆ ನಾನು ಆಡಿದ ಕೊನೇ ಮಾತು ಅದೇ. ಅದನ್ನೂ ಬರೆದುಕೊಳ್ಳಿ."

ಮುಂದಿನ ಅರ್ಧ ಗಂಟೆಯಲ್ಲಿ ಶೆಡ್ಡಿನಲ್ಲಿದ್ದ ಹದಿನೇಳು ಬೋಗುಣಿಗಳೂ ಒಂದೊಂದಾಗಿ ಮಾಡಿನ ಚಾಚಿನಡಿ ಬಂದು ಹೋದವು. ಎಡಕಿವಿಯ ಮೇಲೆ ತಗ್ಗಿದ್ದದ್ದು ಒಂದೂ ಇರಲಿಲ್ಲ. ಎಂಟು ತೂತಿನದೂ ಇರಲಿಲ್ಲ.

"ಮೇಲೊಂದು ಬಾಕಿ ಇದೆ," ಎಂದ ಮೇಸ್ತ್ರಿ ಕ್ರೇನಿನ ಕ್ಯಾಬಿನ್ನಿನತ್ತ ಕೈ ತೋರಿಸಿ. "ಇಳಿಯೋದು ಸೈರನ್ನಿಗೇ."

"ಇಳಿದಾಗ ನೋಡಿದರಾಯ್ತು," ಎಂದ ನಿಧಾನಪ್ಪ. ಲಾಕಪ್ಪಿಗೆ ಊಟ ಹೊರುವ ಮನುಷ್ಯನನ್ನು ಬಾನಿ ಹೊತ್ತ ಕೆಲಸದ ನಡುವೆ ಕೆಳಗಿಳಿಸುವುದು ಅವನಿಗೆ ಸರಿ ಕಾಣಲಿಲ್ಲ.

*

ಫಿಟ್ಟರನ ಹೆಂಡತಿಯನ್ನು ಟೈಮ್ ಆಫೀಸಿನ ಮಹಡಿಯ ಕೋಣೆಯಲ್ಲಿ ಕೂರಿಸಿದ್ದರು. ಒಂದು ಮೇಜು, ಎರಡು ಕುರ್ಚಿ, ಅಂಗಳಕ್ಕೆ ತೆರೆಯುವ ಒಂದು ಕಿಟಕಿ. ಅವಳು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ನಿಧಾನಪ್ಪನನ್ನು ಕಂಡು ಎದ್ದು ನಿಂತಳು.

"ಅವನನ್ನ ಬಿಡ್ತೀರಾ ಸಾರ್?"

"ಕೂತ್ಕೊಳ್ಳಿ ತಾಯಿ."

"ನಾನು ಮದುವೆಯಾಗಿ ಬಂದಾಗ ಅವನಿಗೆ ಏಳು ವರ್ಷ. ತಲೆ ಬಾಚಿ ಸ್ಕೂಲಿಗೆ ಕಳಿಸಿದವಳು ನಾನು. ಮೈದುನ ಅಲ್ಲ ಸಾರ್ ಅವನು, ಮಗ. ಜಗಳ ಆಡಿದ್ದು ನಿಜ. ಮದುವೆ ಮಾಡ್ಕೊಳೋ ಅಂದ್ರು ಇವರು, ಅವನು ಈಗ ಬೇಡ ಅಂದ. ಅದಕ್ಕೆ ಯಾರಾದರೂ ಅಣ್ಣನ್ನ ಕೊಲ್ತಾರಾ?"

ಅವಳ ಕಣ್ಣು ಒಣಗಿತ್ತು. ಅಳುವುದನ್ನೆಲ್ಲ ಅತ್ತು ಮುಗಿಸಿದವರ ಮುಖ. ನಿಧಾನಪ್ಪ ಎದುರಿನ ಕುರ್ಚಿಯಲ್ಲಿ ಕೂತ.

"ಒಂದು ದಾರಿ ಇದೆ. ಅದಕ್ಕೆ ನಿಮ್ಮಿಂದ ಒಂದು ಮಾತು ಬೇಕು. ನಿಮ್ಮ ಮನೆಯವರ ಬೋಗುಣಿ ನೀವು ನೋಡಿದೀರಾ?"

"ಒಂದೇ ಸಲ. ಸರಪಳಿ ಬಿದ್ದ ದಿನ ಗೇಟಿನವನು ಮನೆಗೆ ಒಯ್ಯೋಕೆ ಬಿಟ್ಟಿದ್ದ." ಅವಳು ಎಡಕಿವಿಯ ಮೇಲೆ ಕೈಯಿಟ್ಟು ತೋರಿಸಿದಳು. "ಇಲ್ಲಿತ್ತು ತಗ್ಗು. 'ಕೈ ಇಟ್ಟು ನೋಡೇ, ನಿನ್ನ ಭಾಗ್ಯ ಇಲ್ಲಿದೆ' ಅಂದ್ರು. ನನ್ನ ಅಂಗೈ ಅದರೊಳಗೆ ಸರಿಯಾಗಿ ಕೂತ್ಕೊಳ್ತು. ಆಮೇಲೆ ವಾರವಾರ ಪಟ್ಟಿ ಒಗೆಯೋವಾಗೆಲ್ಲ ಅದೇ ನೆನಪಾಗೋದು."

"ಆ ತಗ್ಗನ್ನ ಬಡಿಸಿ ಸರಿ ಮಾಡಿಸಿರಬಹುದಾ?"

"ಛೇ, ಪ್ರಾಣ ಉಳಿಸಿದ್ದನ್ನ ಯಾರಾದರೂ ಬಡಿಸ್ತಾರಾ?"

ನಿಧಾನಪ್ಪನಿಗೆ ಮೂರು ದಿನದಲ್ಲಿ ಮೊದಲ ಸಲ ಎದೆ ಹಗುರವಾಯಿತು. ಚೀಲದಿಂದ ಬೋಗುಣಿ ತೆಗೆದು ಅವಳ ಮುಂದಿಟ್ಟ.

"ಇದು ಅವರ ತಲೆ ಮೇಲೆ ಸಿಕ್ಕಿದ್ದು. ನಿಧಾನವಾಗಿ ನೋಡಿ. ಇದು ಅವರದಲ್ಲ ಅಂತಾದರೆ ಆ ರೂಮಿನಲ್ಲಿ ಬೇರೆ ಯಾರೋ ಇದ್ದ ಅಂತಾಯ್ತು. ನಿಮ್ಮ ಮೈದುನ ನಾಳೆ ಮನೆಗೆ ಬರ್ತಾನೆ."

ಅವಳು ಬೋಗುಣಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಎಡಭಾಗ ಸವರಿದಳು. ತಗ್ಗಿರಲಿಲ್ಲ. ಅವಳ ಮುಖ ಬೆಳಗಿತು, ಬಾಯಿ ತೆರೆದಳು. ಅಷ್ಟರಲ್ಲಿ ಅವಳ ಹೆಬ್ಬೆರಳು ಒಳಪಟ್ಟಿಯ ಮೇಲೆ ಹಿಂದಕ್ಕೆ ಜಾರಿ, ನೀಲಿ ಹೊಲಿಗೆಯ ಮೇಲೆ ನಿಂತಿತು.

ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು.

ಕೆಳಗೆಲ್ಲೋ ಯಾರೋ ಕಬ್ಬಿಣ ಬಡಿಯುತ್ತಿದ್ದರು. ಅವಳು ಎದ್ದಳು.

"ಬೆಳಕಿಗೆ ಹಿಡಿದು ನೋಡ್ತೀನಿ," ಎಂದು ಕಿಟಕಿಯತ್ತ ಹೋಗಿ ಬೆನ್ನು ತಿರುಗಿಸಿ ನಿಂತಳು.

ತುಂಬ ಹೊತ್ತು ನಿಂತಳು. ಸತ್ತ ಗಂಡನ ನೆನಪಿಗೆ ಅಷ್ಟು ಏಕಾಂತವಾದರೂ ಇರಲಿ ಎಂದು ನಿಧಾನಪ್ಪ ಮೇಜಿನ ಮೇಲಿನ ಕಾಗದಗಳನ್ನು ನೋಡುತ್ತ ಕೂತ. ಅವನ ಇಡೀ ನೌಕರಿಯಲ್ಲಿ ಅವನು ಮಾಡಿದ ದೊಡ್ಡ ತಪ್ಪು ಅದು.

ಅವಳು ತಿರುಗಿ ಬಂದು ಬೋಗುಣಿಯನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟಳು.

"ಅವರದ್ದೇ."

"ಏನಂದ್ರಿ?"

"ಇದು ನಮ್ಮ ಮನೆಯವರದ್ದೇ ಸಾರ್."

"ತಗ್ಗೆಲ್ಲಿದೆ ತಾಯಿ?"

"ಬಡಿಸಿರಬೇಕು."

"ಪ್ರಾಣ ಉಳಿಸಿದ್ದನ್ನ ಯಾರೂ ಬಡಿಸಲ್ಲ ಅಂತ ಈಗಷ್ಟೇ ಹೇಳಿದ್ರಿ."

ಅವಳು ಮತ್ತೆ ಕುರ್ಚಿಯ ತುದಿಯಲ್ಲಿ ಕೂತಳು.

"ಅವರ ಪಟ್ಟಿಗೆ ಎಂಟು ತೂತಿತ್ತು. ವಾರವಾರ ಒಗೆದವರು ನೀವು. ಇದಕ್ಕೆ ಏಳೇ ಇದೆ."

"ನಾನು ತೂತು ಎಣಿಸಿಲ್ಲ."

"ಸ್ಟೋರಿನ ಅಜ್ಜ ಎಣಿಸಿದ್ದಾರೆ."

"ಅವರಿಗೆ ವಯಸ್ಸಾಯ್ತು."

ನಿಧಾನಪ್ಪ ಮುಂದಕ್ಕೆ ಬಾಗಿದ. ದನಿ ಏರಿಸಲಿಲ್ಲ. ಏರಿಸಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

"ನನ್ನ ಮುಖ ನೋಡಿ ಹೇಳಿ. ಇದು ಅವರದೇ ಆದರೆ ನಾಳೆ ನಿಮ್ಮ ಮೈದುನ ಜೈಲಿಗೆ ಹೋಗ್ತಾನೆ. ತಲೆ ಬಾಚಿ ಸ್ಕೂಲಿಗೆ ಕಳಿಸಿದ ಹುಡುಗ. ನೀವು ಯಾರನ್ನ ಕಾಯ್ತಾ ಇದೀರಿ?"

ಅವಳು ಎಡಗೈಯನ್ನು ಮುಷ್ಟಿ ಮಾಡಿ ಮಡಿಲಲ್ಲಿ ಇಟ್ಟುಕೊಂಡಿದ್ದಳು, ಬೆರಳ ಗೆಣ್ಣುಗಳು ಬಿಳಿಚಿದ್ದವು.

"ನಮ್ಮಪ್ಪ ಅಮ್ಮ ಹೋದಾಗ ನನಗೆ ನಾಲ್ಕು ವರ್ಷ," ಎಂದಳು. ಅವನನ್ನು ನೋಡಿ ಹೇಳಿದ್ದಲ್ಲ, ಮೇಜಿಗೆ ಹೇಳಿದ್ದು. "ತಾನು ಉಪವಾಸ ಇದ್ದು ನನಗೆ ಉಣ್ಣಿಸಿದವರು ಒಬ್ಬರಿದ್ದಾರೆ ಸಾರ್. ನನಗೆ ಇನ್ನೇನೂ ಕೇಳಬೇಡಿ."

ಸೈರನ್ ಕೂಗಿತು. ಕೋಣೆಯ ಗಾಜೆಲ್ಲ ನಡುಗಿತು. ಅವಳು ಬೆಚ್ಚಿ ಎದ್ದಳು.

"ಅಣ್ಣ ಇಳಿದಿರ್ತಾನೆ. ಮನೆಗೆ ಕರ್ಕೊಂಡು ಹೋಗ್ತೀನಿ ಅಂದಿದ್ದ," ಎಂದು ಬಾಗಿಲು ದಾಟಿ ಹೋಗಿಯೇಬಿಟ್ಟಳು. ಮೆಟ್ಟಿಲ ಮೇಲೆ ಅವಳ ಹೆಜ್ಜೆ ಓಡುತ್ತಿತ್ತು.

ನಿಧಾನಪ್ಪ ಬೋಗುಣಿಯನ್ನು ಅಂಗಾತ ಮಾಡಿದ.

ನೀಲಿ ದಾರ ಇರಲಿಲ್ಲ.

ಹರಿದ ಚರ್ಮ ಬಾಯಿ ಬಿಟ್ಟುಕೊಂಡಿತ್ತು. ಅಲ್ಲಲ್ಲಿ ಹಲ್ಲಿನ ಗುರುತು, ಇನ್ನೂ ಒದ್ದೆ. ದಾರವನ್ನು ಕಚ್ಚಿ ಎಳೆದು ತೆಗೆದವಳಿಗೆ ಸೂಜಿಯ ತೂತುಗಳನ್ನು ತೆಗೆಯಲಾಗಿರಲಿಲ್ಲ. ಹರಿದ ಚರ್ಮದ ಎರಡೂ ಅಂಚಿಗೆ ಅವು ಸಾಲಾಗಿ ಒಂದೇ ಅಳತೆಗೆ ಉಳಿದಿದ್ದವು. ಅವಳದೇ ಕೈಯ ಹೊಲಿಗೆ. ಗಂಡನ ಪಟ್ಟಿಯನ್ನು ಒಗೆಯುವಾಗ ಜೊತೆಗೆ ಒಗೆದು, ಹರಿದಾಗ ಹೊಲಿದುಕೊಟ್ಟ ಇನ್ನೊಂದು ಪಟ್ಟಿ.

ಅವನು ಕಿಟಕಿಗೆ ಹೋದ.

ಅಂಗಳದಲ್ಲಿ ತುಂತುರು ನಿಂತು, ಮೋಡದ ಸಂದಿಯಿಂದ ಒಂದಿಷ್ಟು ಬೆಳಕು ಬಿದ್ದಿತ್ತು. ಕ್ರೇನಣ್ಣ ಶೆಡ್ಡಿನ ಮೂರು ಮೆಟ್ಟಿಲನ್ನು ಇಳಿಯುತ್ತಿದ್ದ. ಇಪ್ಪತ್ತೈದು ವರ್ಷ ಇಳಿದ ಮೆಟ್ಟಿಲು. ಆದರೂ ಒಂದೊಂದನ್ನೂ ಮೊದಲು ಕಾಲಿನಿಂದ ತಡವಿ, ಆಮೇಲೆ ಭಾರ ಬಿಡುತ್ತಿದ್ದ.

ಅಳುವಿನಿಂದಲ್ಲ. ಮೇಜಿನಾಚೆ ಇಟ್ಟ ಡಬ್ಬಿ, ಅಚ್ಚು ದಾಟಿದ ಬಾನಿ, ಮೊಳೆಯಿಂದ ತೆಗೆದ ತಪ್ಪು ಬೋಗುಣಿ. ಆ ಮನುಷ್ಯನ ಕಣ್ಣು ಹೋಗುತ್ತಿತ್ತು. ಅದು ಫಿಟ್ಟರಿಗೆ ಗೊತ್ತಿತ್ತು. ಕ್ರೇನಿನಲ್ಲಿ ಏನೂ ಕೆಟ್ಟಿರಲಿಲ್ಲ, ಅವನು ಇಳಿಸಬೇಕೆಂದಿದ್ದದ್ದು ಕ್ರೇನಿನೊಳಗೆ ಕೂತವನನ್ನು. ಮನೆ ವಿಷಯ ಎಂದದ್ದು ಅದಕ್ಕೆ.

ಗೇಟಿನವರೆಗೆ ಬೋಗುಣಿ ತೆಗೆಯುವ ಹಾಗಿಲ್ಲ. ಕ್ರೇನಣ್ಣನ ತಲೆಯ ಮೇಲೂ ಅದು ಇತ್ತು. ಎಲ್ಲ ಕಡೆ ಮಸಿ ಹಿಡಿದು ಕಪ್ಪಾಗಿದ್ದ ಲೋಹ ಎಡಕಿವಿಯ ಮೇಲೆ ಮಾತ್ರ ಬಿಳಿಯಾಗಿ ಹೊಳೆಯಿತು. ಸುತ್ತಿಗೆಯ ಪೆಟ್ಟಿನ ಗುರುತುಗಳು ಮಹಡಿಯವರೆಗೂ ಕಾಣುತ್ತಿದ್ದವು. ಬಡಿದವನಿಗೆ ಮಾತ್ರ ಕಂಡಿರಲಿಕ್ಕಿಲ್ಲ.

ಅವಳು ಓಡುತ್ತ ಹೋಗಿ ಅಣ್ಣನ ಮುಂದೆ ನಿಂತಳು. ಏನೋ ಹೇಳಹೊರಟವಳು ಅವನ ತಲೆಯತ್ತ ನೋಡಿದಳು.

ಕಾಲು ಗಂಟೆಯ ಹಿಂದೆ ಅವಳು ಅಣ್ಣನ ಪಟ್ಟಿಯ ಮೇಲೆ ತನ್ನ ಹೊಲಿಗೆಯನ್ನಷ್ಟೇ ಕಂಡಿದ್ದಳು. ಯಾಕೆ, ಹೇಗೆ ಎಂದು ಯೋಚಿಸದೆ ಅವನನ್ನು ಉಳಿಸಿದ್ದಳು. ಈಗ ಅವಳ ಬಲಗೈ ತಾನಾಗಿಯೇ ಮೇಲೆ ಹೋಯಿತು. ಅಂಗೈಯನ್ನು ಆ ಬಿಳಿ ಜಾಗದ ಮೇಲೆ ಇಟ್ಟಳು, ಒಂಬತ್ತು ವರ್ಷದ ಹಿಂದೆ ಇಟ್ಟ ಹಾಗೆಯೇ.

ತಂಗಿ ಪ್ರೀತಿಯಿಂದ ತಲೆ ಮುಟ್ಟುತ್ತಿದ್ದಾಳೆ ಎಂದುಕೊಂಡನೋ ಏನೋ, ಅವನು ಅವಳಿಗೆ ಎಟುಕಲೆಂದು ಸ್ವಲ್ಪ ಬಗ್ಗಿ ನಿಂತ.

ಅವಳು ಕೈ ತೆಗೆಯಲಿಲ್ಲ. ಮುಖ ಮಾತ್ರ ಮಹಡಿಯ ಕಿಟಕಿಯತ್ತ ತಿರುಗಿತು. ನೀಲಿ ದಾರವಿದ್ದ ಎಡಗೈ ಇನ್ನೂ ಮುಷ್ಟಿಯಾಗಿಯೇ ಇತ್ತು.